ಸರಕಾರದ ಕಣ್ಗಾವಲೂ ಪ್ರಜೆಯ ಹಕ್ಕೂ

ಈ ಸಂಚಿಕೆಯ ಸಂಪಾದಕ ಮಂಡಲಿಯವರು ಎಂದಿನಂತೆ ಈ ಸಾರಿಯೂ ನಮ್ಮಿಂದ ಒಂದು ಪಾಠಲೇಖನವನ್ನು ಅಪೇಕ್ಷಿಸಿದ್ದಾರೆ. ಆರೋಗ್ಯ, ಗೃಹಕೃತ್ಯ, ಶಿಶುಪಾಲನೆ ಮೊದಲಾದವುಗಳನ್ನು ಕುರಿತು ನಮಗಿಂತ ಬಲ್ಲವರು ಬರೆಯುತ್ತಿರುವುದರಿಂದ ನಾವು ಪೌರನೀತಿಯ ಒಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಹತ್ತನೆಯ ತರಗತಿಯಲ್ಲಿ ಮೂಲಭೂತ ಹಕ್ಕುಗಳ ಪಾಠವು ನಡೆಯುವಾಗ ನಮ್ಮ ಹುಡುಗಿಯರು ಕೇಳುವ ಪ್ರಶ್ನೆಗಳಿಗೆ ಪಠ್ಯಪುಸ್ತಕದ ನಾಲ್ಕು ಸಾಲುಗಳಲ್ಲಿ ಉತ್ತರವು ಸಿಕ್ಕುವುದಿಲ್ಲ. "ಮಿಸ್, ನಾವು ತಪ್ಪು ಮಾಡದೆ ಇರುವಾಗ ಸರಕಾರದವರು ನಮ್ಮನ್ನು ನೋಡುತ್ತಿದ್ದರೆ ನಮಗೇನು ನಷ್ಟ?" ಎಂದು ಒಬ್ಬಳು ಕೇಳುತ್ತಾಳೆ. "ಹಾಗಾದರೆ ನಮ್ಮ ಬೀದಿಗೆ ಮಾತ್ರ ಪೊಲೀಸರು ಮತ್ತೆ ಮತ್ತೆ ಬಂದು ಹೆಸರು ಬರೆದುಕೊಂಡು ಹೋಗುವುದೇಕೆ?" ಎಂದು ಇನ್ನೊಬ್ಬಳು ಕೇಳುತ್ತಾಳೆ. ಎರಡೂ ಒಳ್ಳೆಯ ಪ್ರಶ್ನೆಗಳೇ. ಇವುಗಳಿಗೆ ತರಗತಿಯಲ್ಲಿ ನಾವು ಹೇಳುವುದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುವೆವು. ಈ ವರ್ಷ ನಮ್ಮ ಶಾಲೆಯ ಮುಂದೆಯೇ ಇಂಥ ಒಂದು ತೀರ್ಮಾನವು ಬಂದು ನಿಂತಿರುವುದರಿಂದ ಪೋಷಕರು ಇದನ್ನು ಪೂರ್ತಿಯಾಗಿ ಓದಬೇಕೆಂದು ಕೋರುತ್ತೇವೆ.

ಮೊದಲು ಸರಕಾರದ ಪಕ್ಷವನ್ನು ಹೇಳುವುದು ನ್ಯಾಯ. ನಮ್ಮ ಊರು ಭಯೋತ್ಪಾದನೆಯ ಪೆಟ್ಟನ್ನು ತಿನ್ನದ ಊರಲ್ಲ. 2005ನೆಯ ಡಿಸೆಂಬರ್ 28ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗುಂಡು ಹಾರಿಸಲ್ಪಟ್ಟು, ದೆಹಲಿಯಿಂದ ಸಮ್ಮೇಳನಕ್ಕೆ ಬಂದಿದ್ದ ಗಣಿತದ ಪ್ರಾಧ್ಯಾಪಕರೊಬ್ಬರು ಪ್ರಾಣಬಿಟ್ಟರು. 2008ನೆಯ ಜುಲೈ 25ರಂದು ನಗರದ ಹಲವೆಡೆ ಒಂದರ ಹಿಂದೊಂದು ಬಾಂಬು ಸಿಡಿದವು. 2010ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ, 2013ರಲ್ಲಿ ಮಲ್ಲೇಶ್ವರದಲ್ಲಿ, 2014ರಲ್ಲಿ ಚರ್ಚ್ ಸ್ಟ್ರೀಟಿನಲ್ಲಿ, 2024ನೆಯ ಮಾರ್ಚ್ 1ರಂದು ಬ್ರೂಕ್‌ಫೀಲ್ಡಿನ ರಾಮೇಶ್ವರಂ ಕೆಫೆಯಲ್ಲಿ ಇಂಥದೇ ಕೃತ್ಯಗಳು ನಡೆದವು. ಕೊನೆಯ ಪ್ರಕರಣದಲ್ಲಿ ಹೋಟೆಲಿನ ಮತ್ತು ಬಸ್ಸಿನ ಕ್ಯಾಮರಾಗಳಲ್ಲಿ ಉಳಿದ ಚಿತ್ರಗಳು ತನಿಖೆಗೆ ಬಹಳ ನೆರವಾದವು. ಮುಖ್ಯ ಆರೋಪಿಗಳಿಬ್ಬರೂ ಏಪ್ರಿಲ್ 12ರಂದು ಪಶ್ಚಿಮ ಬಂಗಾಳದಲ್ಲಿ ಸೆರೆಸಿಕ್ಕಿದರು. ಮಕ್ಕಳನ್ನು ಬಸ್ಸು ಹತ್ತಿಸಿ ಕಳುಹಿಸುವ ತಾಯಿತಂದೆಗಳು ಇದನ್ನು ಕೇಳಿ, ಕ್ಯಾಮರಾ ಇದ್ದದ್ದೇ ಒಳ್ಳೆಯದಾಯಿತೆಂದು ನಿಟ್ಟುಸಿರು ಬಿಟ್ಟರೆ ಅವರನ್ನು ಯಾರೂ ಆಕ್ಷೇಪಿಸಲಾರರು. ಪ್ರಜೆಗಳ ಪ್ರಾಣವನ್ನು ಕಾಯುವುದು ಸರಕಾರದ ಮೊದಲನೆಯ ಕರ್ತವ್ಯವಾಗಿದೆ.

ಆದರೆ ಕಾವಲು ಎಂಬುದರಲ್ಲಿ ಎರಡು ಬಗೆಯುಂಟು. ಇಂಥವನ ಮೇಲೆ ಇಂಥ ಕಾರಣಕ್ಕೆ ಸಂಶಯವಿದೆಯೆಂದು ಬರೆದಿಟ್ಟು, ಅವನೊಬ್ಬನನ್ನು ಗಮನಿಸುವುದು ಒಂದು ಬಗೆ. ಯಾರ ಮೇಲೂ ಸಂಶಯವಿಲ್ಲದೆ ಊರಿಗೆ ಊರನ್ನೇ ನೋಡಿ, ಕೇಳಿ, ಬರೆದಿಟ್ಟುಕೊಂಡು, ಮುಂದೆ ಬೇಕಾದಾಗ ಹುಡುಕಿ ತೆಗೆಯುವುದು ಇನ್ನೊಂದು. ಹಿಂದಿನ ಕಾಲದಲ್ಲಿ ಎರಡನೆಯದಕ್ಕೆ ಬೇಕಾದಷ್ಟು ಜನವನ್ನು ಯಾವ ಸರಕಾರವೂ ಸಾಕಲಾರದಾಗಿತ್ತು. ಈಗ ಯಂತ್ರವು ಅದನ್ನು ಮಾಡುತ್ತದೆ. ಬೆಂಗಳೂರಿನ ಸೇಫ್ ಸಿಟಿ ಯೋಜನೆಯಲ್ಲಿ ನೆಟ್ಟ ಕ್ಯಾಮರಾಗಳೇ ಏಳು ಸಾವಿರಕ್ಕೆ ಹೆಚ್ಚು. ಹೆಬ್ಬಾಳದ ಮೇಲ್ಸೇತುವೆಯನ್ನು ದಾಟಿ ವಿಮಾನ ನಿಲ್ದಾಣಕ್ಕೆ ಹೋದವರು 2022ನೆಯ ಡಿಸೆಂಬರಿನಿಂದ, ತಾವು ಒಪ್ಪಿದಲ್ಲಿ, ಟಿಕೆಟಿನ ಬದಲಿಗೆ ಮುಖವನ್ನೇ ತೋರಿಸಿ ಒಳಗೆ ಹೋಗಬಹುದು. 2008ರ ಮುಂಬಯಿ ದಾಳಿಯ ತರುವಾಯ ಯೋಚಿಸಲ್ಪಟ್ಟ ನ್ಯಾಟ್‌ಗ್ರಿಡ್ ಎಂಬ ಏರ್ಪಾಡು ಬ್ಯಾಂಕು, ಪ್ರಯಾಣ, ದೂರವಾಣಿ ಮೊದಲಾದವುಗಳ ದಾಖಲೆಗಳನ್ನು ತನಿಖಾ ಸಂಸ್ಥೆಗಳಿಗೆ ಒಂದೇ ಬಾಗಿಲಿನಿಂದ ಒದಗಿಸತಕ್ಕದ್ದು. ಅದರ ಬೆಂಗಳೂರಿನ ಕಟ್ಟಡವು 2022ನೆಯ ಮೇ ತಿಂಗಳಲ್ಲಿ ಉದ್ಘಾಟಿಸಲ್ಪಟ್ಟಿತು. ಕಂಪ್ಯೂಟರಿನಲ್ಲಿರುವುದನ್ನು ತೆರೆದು ನೋಡುವ ಅಧಿಕಾರವುಳ್ಳ ಹತ್ತು ಸಂಸ್ಥೆಗಳ ಹೆಸರನ್ನು ಕೇಂದ್ರ ಗೃಹ ಇಲಾಖೆಯು 2018ನೆಯ ಡಿಸೆಂಬರ್ 20ರಂದು ಪ್ರಕಟಿಸಿತು. ಇವೆಲ್ಲವೂ ಕಾನೂನಿಗೆ ವಿರೋಧವೆಂದು ನಾವು ಹೇಳುತ್ತಿಲ್ಲ. ಈ ಯಂತ್ರದ ಕೀಲಿಯು ಯಾರ ಕೈಯಲ್ಲಿದೆ, ಅವರನ್ನು ನೋಡಿಕೊಳ್ಳುವವರು ಯಾರು, ಎಂಬುದಷ್ಟೇ ನಮ್ಮ ಪಾಠದ ವಿಷಯ.

ನಮ್ಮ ಸಂವಿಧಾನದಲ್ಲಿ ಖಾಸಗಿತನವೆಂಬ ಮಾತೇ ಇಲ್ಲವೆಂಬುದನ್ನು ಹುಡುಗಿಯರು ಪುಸ್ತಕವನ್ನು ತಿರುವಿ ತಾವೇ ಕಂಡುಹಿಡಿಯುತ್ತಾರೆ. ಅದು ಮರೆತುಹೋದದ್ದಲ್ಲ. 1947ನೆಯ ಏಪ್ರಿಲಿನಲ್ಲಿ ಮೂಲಭೂತ ಹಕ್ಕುಗಳ ಉಪಸಮಿತಿಯು ಸಿದ್ಧಪಡಿಸಿದ ಕರಡಿನಲ್ಲಿ ಪ್ರಜೆಯ ಕಾಗದಪತ್ರಗಳ ಗುಟ್ಟನ್ನೂ, ಸಕಾರಣವಿಲ್ಲದ ಶೋಧನೆಯಿಂದ ಅವನ ಮನೆಯನ್ನೂ ಕಾಪಾಡುವ ಮಾತುಗಳಿದ್ದವು. ಅಪರಾಧಗಳ ತನಿಖೆಗೆ ಇದರಿಂದ ಅಡ್ಡಿಯಾಗುವುದೆಂದು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರೂ, ಸಂವಿಧಾನ ಸಲಹೆಗಾರರಾಗಿದ್ದ ದಕ್ಷಿಣ ಕನ್ನಡದ ಮನೆತನದ ಬೆನಗಲ್ ನರಸಿಂಗ ರಾಯರೂ ಆಕ್ಷೇಪಿಸಿದರು. ಆ ಮಾತುಗಳು ಬಿಡಲ್ಪಟ್ಟವು. ಆಕ್ಷೇಪಿಸಿದವರು ಕೆಟ್ಟವರೇನೂ ಅಲ್ಲ. ದೇಶವು ಇಬ್ಭಾಗವಾಗುತ್ತಿದ್ದ ಆ ದಿನಗಳಲ್ಲಿ ಅವರ ಕಣ್ಣಮುಂದೆ ಇದ್ದದ್ದು ಬೇರೆಯೇ ಭಯ. ಆದರೂ ಅಂದು ಬಿಟ್ಟದ್ದನ್ನು ಮತ್ತೆ ತುಂಬಲು ಎಪ್ಪತ್ತು ವರ್ಷಗಳು ಬೇಕಾದವು.

ನಡುವಣ ಚರಿತ್ರೆಯಲ್ಲಿ ಒಂದೆರಡು ಸಂಗತಿಗಳನ್ನು ತಿಳಿದರೆ ಸಾಕು. ಉತ್ತರ ಪ್ರದೇಶದಲ್ಲಿ ಖರಕ್ ಸಿಂಗ್ ಎಂಬವನ ಮೇಲೆ ದರೋಡೆಯ ಆಪಾದನೆಯು ಬಂದು, ಸಾಕ್ಷ್ಯವಿಲ್ಲದೆ ಬಿಡುಗಡೆಯಾಯಿತು. ಹಾಗಿದ್ದರೂ ಪೊಲೀಸರು ಅವನ ಹೆಸರಿನಲ್ಲಿ ಪಟ್ಟಿಯನ್ನು ತೆರೆದು, ನಡುರಾತ್ರಿಯಲ್ಲಿ ಬಂದು ಕದ ತಟ್ಟಿ ಎಬ್ಬಿಸಿ, ಇದ್ದಾನೋ ಇಲ್ಲವೋ ಎಂದು ನೋಡಿ ಹೋಗುತ್ತಿದ್ದರು. 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ರಾತ್ರಿಯ ಭೇಟಿಯನ್ನು ರದ್ದುಮಾಡಿತು. ಆದರೆ ಅವನನ್ನು ದೂರದಿಂದ ಹಿಂಬಾಲಿಸುವುದಕ್ಕೆ ತಡೆಯಿಲ್ಲ, ಖಾಸಗಿತನವೆಂಬ ಮೂಲಭೂತ ಹಕ್ಕು ಇಲ್ಲ ಎಂದು ಬಹುಮತದ ನ್ಯಾಯಮೂರ್ತಿಗಳು ಬರೆದರು. ಭಿನ್ನಮತವನ್ನು ಬರೆದ ನ್ಯಾಯಮೂರ್ತಿ ಸುಬ್ಬರಾವ್ ಅವರು ಮಾತ್ರ, ಕಾವಲಿನ ಕಣ್ಣು ಬೆನ್ನ ಹಿಂದೆ ಇರುವಾಗ ಮನುಷ್ಯನು ನಡೆದಾಡಿದರೂ ಸ್ವತಂತ್ರನಲ್ಲವೆಂಬ ಅಭಿಪ್ರಾಯವನ್ನು ಹೇಳಿದರು. ಈ ತೀರ್ಪನ್ನು ಹೇಳುವಾಗ ತರಗತಿಯಲ್ಲಿ ನಾವು ಮೇಜನ್ನು ಮೂರು ಸಲ ಬಡಿದು ತೋರಿಸುವುದುಂಟು. ನಿದ್ದೆಗಣ್ಣಿನಲ್ಲಿ ಕೇಳುವ ಆ ಸದ್ದು ಎಂಥದೆಂಬುದನ್ನು ಹುಡುಗಿಯರಿಗೆ ಬೇರೆ ಮಾತಿನಲ್ಲಿ ವಿವರಿಸಬೇಕಾಗುವುದಿಲ್ಲ.

ಕರ್ನಾಟಕದಲ್ಲಿ ಈ ವಿಷಯವು ಮನೆಮಾತಾದದ್ದು 1988ರಲ್ಲಿ. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ರಾಜಕೀಯ ಮುಖಂಡರ ದೂರವಾಣಿಗಳನ್ನು ಕದ್ದು ಆಲಿಸಲಾಗಿತ್ತೆಂಬ ಸಂಗತಿಯು ಸಂಸತ್ತಿನವರೆಗೆ ಹೋಯಿತು. ತಮಗೆ ತಿಳಿಯದೆ ನಡೆದದ್ದೆಂದು ಹೇಳಿದರೂ ಹೆಗಡೆಯವರು ನೈತಿಕ ಹೊಣೆಯನ್ನು ಹೊತ್ತು ಆ ವರ್ಷದ ಆಗಸ್ಟಿನಲ್ಲಿ ರಾಜೀನಾಮೆಯನ್ನು ಕೊಟ್ಟರು. 2019ರಲ್ಲಿಯೂ ರಾಜ್ಯದಲ್ಲಿ ಇಂಥದೇ ಆರೋಪವು ಎದ್ದು, ವಿಚಾರಣೆಯು ಸಿಬಿಐಗೆ ವಹಿಸಲ್ಪಟ್ಟಿತು. ಅದರ ಬೆಂಗಳೂರಿನ ಕಛೇರಿಯು ನಮ್ಮ ಹೆಬ್ಬಾಳದಿಂದ ಪೇಟೆಗೆ ಹೋಗುವ ಬಳ್ಳಾರಿ ರಸ್ತೆಯಲ್ಲಿ, ಗಂಗಾನಗರದಲ್ಲಿಯೇ ಇದೆ. ಇಲ್ಲಿ ಗಮನಿಸತಕ್ಕದ್ದೇನೆಂದರೆ, ದೂರವಾಣಿಯನ್ನು ಆಲಿಸುವ ಅಧಿಕಾರವು ಬಂದದ್ದು ಬ್ರಿಟಿಷರ 1885ರ ತಂತಿ ಕಾಯಿದೆಯಿಂದ. ಸಾರ್ವಜನಿಕ ತುರ್ತಿನಲ್ಲಿ, ಅಥವಾ ಸಾರ್ವಜನಿಕ ಸುರಕ್ಷತೆಗೆ ಬೇಕಾದಾಗ ಮಾತ್ರ ಅದನ್ನು ಬಳಸಬಹುದೆಂದು ಆ ಕಾಯಿದೆಯೇ ಹೇಳುತ್ತಿತ್ತು. ದೇಶವನ್ನು ಕಾಯಲಿಕ್ಕೆಂದು ಕೊಟ್ಟ ಕಿವಿಯು ಎದುರು ಪಕ್ಷದವರ ಗೋಡೆಗೆ ಅಂಟಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಯಾವ ಪಕ್ಷದ ಸರಕಾರವಾದರೂ ಇದು ಹೀಗೆಯೇ.

1996ನೆಯ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪಿ.ಯು.ಸಿ.ಎಲ್. ಸಂಸ್ಥೆಯು ಹಾಕಿದ ಮೊಕದ್ದಮೆಯಲ್ಲಿ ಕೆಲವು ಕಟ್ಟಳೆಗಳನ್ನು ವಿಧಿಸಿತು. ಅಪ್ಪಣೆಯನ್ನು ಗೃಹ ಇಲಾಖೆಯ ಕಾರ್ಯದರ್ಶಿಯೇ ಕೊಡತಕ್ಕದ್ದು. ಅದು ಎರಡು ತಿಂಗಳಿಗೆ ಮಾತ್ರ ಸಲ್ಲತಕ್ಕದ್ದು. ಮುಂದುವರಿಸಿದರೂ ಆರು ತಿಂಗಳನ್ನು ಮೀರಬಾರದು. ಅಪ್ಪಣೆಯು ಸರಿಯೋ ತಪ್ಪೋ ಎಂಬುದನ್ನು ಒಂದು ಸಮಿತಿಯು ಪರಿಶೀಲಿಸತಕ್ಕದ್ದು. ಹಳೆಯ ಕಾಯಿದೆಯ ಬದಲಿಗೆ 2023ರ ದೂರಸಂಪರ್ಕ ಕಾಯಿದೆಯೂ ಅದರಡಿಯಲ್ಲಿ 2024ನೆಯ ಡಿಸೆಂಬರಿನ ನಿಯಮಗಳೂ ಬಂದವು. ಚೌಕಟ್ಟು ಬಹುಮಟ್ಟಿಗೆ ಹಿಂದಿನದೇ. ಕಾಗದದ ಮೇಲೆ ಇದು ಚೆನ್ನಾಗಿಯೇ ಇದೆ. ಆದರೆ ಪರಿಶೀಲನಾ ಸಮಿತಿಯಲ್ಲಿ ಕುಳಿತುಕೊಳ್ಳುವವರೂ ಸರಕಾರದ ಕಾರ್ಯದರ್ಶಿಗಳೇ. ಬೆಂಗಳೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯ ಸಮಿತಿಯು 2018ರ ವರದಿಯಲ್ಲಿ ಹೇಳಿದಂತೆ, ಎರಡು ತಿಂಗಳಿಗೊಮ್ಮೆ ಸೇರುವ ಈ ಪರಿಶೀಲನಾ ಸಮಿತಿಯ ಮುಂದೆ ಪ್ರತಿ ಸಭೆಯಲ್ಲಿಯೂ 15,000ದಿಂದ 18,000 ಅಪ್ಪಣೆಗಳು ಬರುತ್ತವೆ. ಇದನ್ನು ನಾವು ಲೆಕ್ಕದ ತರಗತಿಗೆ ಕೊಟ್ಟು ನೋಡಿದೆವು. ಸಮಿತಿಯವರು ಊಟಕ್ಕೂ ಏಳದೆ ಎಂಟು ಗಂಟೆ ಕುಳಿತರೆ 28,800 ಸೆಕೆಂಡುಗಳಾದವು. 15,000 ಅಪ್ಪಣೆಗಳೆಂದು ಹಿಡಿದರೂ ಒಂದೊಂದಕ್ಕೆ ಎರಡು ಸೆಕೆಂಡೂ ಪೂರ್ತಿ ದೊರೆಯುವುದಿಲ್ಲ. ನಮ್ಮ ಉಪಾಧ್ಯಾಯಿನಿಯರು ಹಾಜರಿಯನ್ನು ಕರೆಯುವುದಕ್ಕೂ ಒಬ್ಬೊಬ್ಬಳಿಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಈಗ ನಮ್ಮ ಊರಿನವರೇ ಆದ ಒಬ್ಬ ಮಹನೀಯರ ಸಂಗತಿಗೆ ಬರೋಣ. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದು ನಿವೃತ್ತರಾಗಿ ಬೆಂಗಳೂರಿನಲ್ಲಿ ನೆಲೆಸಿದ್ದ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿಯನ್ನು ಹಾಕಿದರು. ಅವರ ತಕರಾರು ಸರಳವಾದದ್ದು. ಪ್ರಜೆಗಳ ಬೆರಳಚ್ಚನ್ನೂ ಕಣ್ಣಿನ ಗುರುತನ್ನೂ ಸರಕಾರವು ತೆಗೆದುಕೊಳ್ಳುತ್ತಿದೆಯಲ್ಲ, ಇದಕ್ಕೆ ಸಂಸತ್ತು ಮಾಡಿದ ಕಾಯಿದೆಯು ಎಲ್ಲಿದೆ? ಆಗ ಅಂಥ ಕಾಯಿದೆಯು ಇರಲಿಲ್ಲ. 2009ರಲ್ಲಿ ಶುರುವಾದ ಕೆಲಸಕ್ಕೆ ಕಾಯಿದೆಯು ಬಂದದ್ದು 2016ರಲ್ಲಿ. ಆ ಯೋಜನೆಯ ಮೊದಲ ಮುಖ್ಯಸ್ಥರಾದ ನಂದನ್ ನಿಲೇಕಣಿಯವರೂ ಬೆಂಗಳೂರಿನವರೇ ಎಂಬುದನ್ನು ನೆನೆದರೆ, ಯಂತ್ರವನ್ನು ಕಟ್ಟಿದವರನ್ನೂ ಅದಕ್ಕೆ ಕಡಿವಾಣವನ್ನು ಕೇಳಿದವರನ್ನೂ ಒಂದೇ ಊರು ಕೊಟ್ಟಂತಾಯಿತು.

ವಿಚಾರಣೆಯಲ್ಲಿ ಸರಕಾರದ ಪರ ವಕೀಲರು, ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು 1954ರ ಎಂಟು ನ್ಯಾಯಮೂರ್ತಿಗಳ ತೀರ್ಪನ್ನೂ, ಮೇಲೆ ಹೇಳಿದ 1962ರ ಆರು ನ್ಯಾಯಮೂರ್ತಿಗಳ ತೀರ್ಪನ್ನೂ ಮುಂದಿಟ್ಟರು. ಆದಕಾರಣ ಅವರಿಗಿಂತ ದೊಡ್ಡದಾದ, ಒಂಬತ್ತು ನ್ಯಾಯಮೂರ್ತಿಗಳ ಪೀಠವು ಕೂಡಬೇಕಾಯಿತು. 2017ನೆಯ ಆಗಸ್ಟ್ 24ರಂದು ಒಂಬತ್ತು ಮಂದಿಯೂ ಒಮ್ಮತದಿಂದ ತೀರ್ಮಾನಿಸಿದರು: ಸಂವಿಧಾನದ 21ನೆಯ ವಿಧಿಯು ಕಾಪಾಡುವ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಒಳಗೆಯೇ ಖಾಸಗಿತನವು ಅಡಗಿದೆ. ತುರ್ತುಪರಿಸ್ಥಿತಿಯಲ್ಲಿ ಪ್ರಜೆಯ ಬಿಡುಗಡೆಯ ಹಕ್ಕನ್ನೂ ನಿರಾಕರಿಸಿದ್ದ 1976ರ ತೀರ್ಪು ತಪ್ಪೆಂದು ಅದೇ ದಿನ ಸಾರಲ್ಪಟ್ಟಿತು. ಆ ಹಳೆಯ ತೀರ್ಪಿನಲ್ಲಿ ಸೇರಿದ್ದವರು ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್, ಅದನ್ನು ತಪ್ಪೆಂದು ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್. ಹುಡುಗಿಯರಿಗೆ ಎಲ್ಲಕ್ಕಿಂತ ಹೆಚ್ಚಾಗಿ ನೆನಪಿನಲ್ಲಿ ನಿಲ್ಲುವುದು ಇದೇ.

ತೀರ್ಪು ಸರಕಾರದ ಕೈಯನ್ನು ಕಟ್ಟಿಹಾಕಲಿಲ್ಲ. ದೇಶದ ಭದ್ರತೆಯು ತಕ್ಕ ಕಾರಣವೇ ಎಂದು ಅದು ಒಪ್ಪಿತು. ಆದರೆ ಪ್ರಜೆಯ ಖಾಸಗಿ ಜೀವನದಲ್ಲಿ ಕೈಹಾಕಬೇಕಾದರೆ ಮೊದಲು ಅದಕ್ಕೆ ಒಂದು ಕಾಯಿದೆಯಿರಬೇಕು. ಕಾಯಿದೆಯ ಹಿಂದೆ ನ್ಯಾಯವಾದ ಉದ್ದೇಶವಿರಬೇಕು. ಕೈಹಾಕುವಿಕೆಯು ಆ ಉದ್ದೇಶಕ್ಕೆ ತಕ್ಕ ಅಳತೆಯನ್ನು ಮೀರಬಾರದು. ಮೂರನೆಯದು ಹುಡುಗಿಯರಿಗೆ ಕಠಿಣವೆನಿಸುತ್ತದೆ. ಒಂದು ಇಲಿಗಾಗಿ ಮನೆಗೆ ಬೆಂಕಿಯಿಡಬಾರದೆಂದರೆ ತಿಳಿಯುತ್ತದೆ. ಪುಟ್ಟಸ್ವಾಮಿಯವರು 2024ನೆಯ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ದೇಶದ ಪ್ರತಿಯೊಂದು ಕಾನೂನು ಕಾಲೇಜಿನಲ್ಲಿಯೂ ಹೇಳಲ್ಪಡುವ ಆ ಹೆಸರನ್ನು ನಮ್ಮ ಊರಿನ ಮಕ್ಕಳು ಅರಿಯದಿರುವುದು ಚೆನ್ನಲ್ಲ.

ಮರುವರ್ಷ, 2018ನೆಯ ಸೆಪ್ಟೆಂಬರ್ 26ರಂದು, ಆಧಾರ್ ಕಾಯಿದೆಯ ಮೇಲೆಯೇ ತೀರ್ಪು ಬಂದಿತು. ಕಾಯಿದೆಯು ಬಹುಮತದಿಂದ ಉಳಿಯಿತು. ಶಾಲೆಗೆ ಸೇರಿಸಿಕೊಳ್ಳಲು ಮಗುವಿನ ಆಧಾರನ್ನು ಕಡ್ಡಾಯ ಮಾಡಕೂಡದೆಂದು ಆ ತೀರ್ಪು ಹೇಳಿತೆಂಬುದನ್ನು ಪೋಷಕರು ಅರಿತಿರಬೇಕು. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು 33ನೆಯ ಸೆಕ್ಷನ್ನಿನ ಎರಡನೆಯ ಭಾಗ. ದೇಶದ ಭದ್ರತೆಗಾಗಿ ಪ್ರಜೆಯ ವಿವರಗಳನ್ನು ಹೊರಗೆ ಕೊಡಬೇಕೆಂದು ಜಂಟಿ ಕಾರ್ಯದರ್ಶಿಯ ದರ್ಜೆಯ ಅಧಿಕಾರಿಯು ಅಪ್ಪಣೆ ಮಾಡಬಹುದೆಂದು ಅದರಲ್ಲಿತ್ತು. ನ್ಯಾಯಾಲಯವು ಅದನ್ನು ಆ ರೂಪದಲ್ಲಿ ರದ್ದುಮಾಡಿ, ಅಧಿಕಾರಿಯ ದರ್ಜೆಯು ಇನ್ನೂ ಮೇಲಿನದಾಗಿರಬೇಕು, ದುರುಪಯೋಗವಾಗದಂತೆ ನ್ಯಾಯಾಂಗದವರೊಬ್ಬರು, ಸಾಧ್ಯವಾದರೆ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರು, ಜೊತೆಗಿರಬೇಕು ಎಂದು ಹೇಳಿತು. 2019ರಲ್ಲಿ ಸಂಸತ್ತು ತಿದ್ದುಪಡಿಯನ್ನು ಮಾಡಿತು. ಜಂಟಿ ಕಾರ್ಯದರ್ಶಿಯ ಸ್ಥಳದಲ್ಲಿ ಕಾರ್ಯದರ್ಶಿಯು ಬಂದರು. ಭದ್ರತೆಯ ಈ ಅಪ್ಪಣೆಗೆ ನ್ಯಾಯಮೂರ್ತಿಯು ಮಾತ್ರ ಬರಲಿಲ್ಲ. ಬಾಗಿಲಿಗೆ ಇನ್ನೂ ದೊಡ್ಡ ಬೀಗವನ್ನು ಹಾಕಿ, ಕೀಲಿಯನ್ನು ಮತ್ತೆ ಅದೇ ಮನೆಯವರ ಕೈಗೆ ಕೊಟ್ಟ ಹಾಗೆ. ಈ ಲೇಖನದಲ್ಲಿ ಒಂದು ಸಂಗತಿಯನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿರಿ. 2021ರಲ್ಲಿ ಪೆಗಾಸಸ್ ಎಂಬ ಗುಪ್ತ ತಂತ್ರಾಂಶದ ವಿಷಯವು ಬಂದಾಗ, ದೇಶದ ಭದ್ರತೆಯೆಂಬ ಮಾತನ್ನು ಉಚ್ಚರಿಸಿದ ಮಾತ್ರಕ್ಕೆ ನ್ಯಾಯಾಲಯವು ಸುಮ್ಮನಾಗಲಾರದೆಂದು ಸರ್ವೋಚ್ಚ ನ್ಯಾಯಾಲಯವೇ ಹೇಳಿ, ಹಿಂದೆ ನಮ್ಮ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ಸಮಿತಿಯನ್ನು ನೇಮಿಸಿತು. ಪರೀಕ್ಷಿಸಿದ 29 ಫೋನುಗಳಲ್ಲಿ ಐದರಲ್ಲಿ ಕೆಟ್ಟ ತಂತ್ರಾಂಶವು ಕಂಡಿತು. ಅದು ಪೆಗಾಸಸ್ಸೇ ಎಂದು ನಿಶ್ಚಯವಾಗಲಿಲ್ಲ.

ಹೊರಗಿನವರ ಕಣ್ಣು ಬೇಕೆಂದು ನಾವು ಇಷ್ಟು ಒತ್ತಿ ಹೇಳುವುದೇಕೆ? ಬೆಂಗಳೂರಿನ ವೈದ್ಯ ಡಾಕ್ಟರ್ ಮೊಹಮ್ಮದ್ ಹನೀಫ್ ಅವರಿಗಾದದ್ದನ್ನು ನೋಡಿರಿ. ಅವರು ಇಂಗ್ಲೆಂಡನ್ನು ಬಿಡುವಾಗ ತಮ್ಮ ಮೊಬೈಲಿನ ಸಿಮ್ ಕಾರ್ಡನ್ನು ಅಲ್ಲಿದ್ದ ಸಂಬಂಧಿಕನಿಗೆ ಕೊಟ್ಟು ಬಂದಿದ್ದರು. 2007ನೆಯ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲೆ ದಾಳಿಯನ್ನು ಮಾಡಿದವನೂ ಅವರ ಸಂಬಂಧಿಕನೇ. ಜುಲೈ 2ರಂದು, ಹುಟ್ಟಿ ಕೆಲವೇ ದಿನಗಳಾಗಿದ್ದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಿದ್ದ ಹನೀಫ್ ಅವರು ಆಸ್ಟ್ರೇಲಿಯಾದ ಬ್ರಿಸ್ಬೇನ್ ನಿಲ್ದಾಣದಲ್ಲಿ ಬಂಧಿಸಲ್ಪಟ್ಟರು. ಆಪಾದನೆಯನ್ನು ಹೊರಿಸದೆಯೇ ಹನ್ನೆರಡು ದಿನ ಅವರನ್ನು ಇಟ್ಟುಕೊಂಡರು. ಅವರ ಸಿಮ್ ಕಾರ್ಡು ಗ್ಲಾಸ್ಗೋದಲ್ಲಿ ಉರಿದ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಲಾಯಿತು. ನಿಜವಾಗಿ ಅದು ಸಿಕ್ಕಿದ್ದು ದೂರದ ಲಿವರ್‌ಪೂಲಿನಲ್ಲಿ, ಇನ್ನೊಬ್ಬ ಸಂಬಂಧಿಕನ ಬಳಿ. ಮ್ಯಾಜಿಸ್ಟ್ರೇಟರು ಜಾಮೀನನ್ನು ಕೊಟ್ಟ ದಿನವೇ ಅಲ್ಲಿಯ ಮಂತ್ರಿಗಳು ಅವರ ವೀಸಾವನ್ನು ರದ್ದುಮಾಡಿದರು. ಜುಲೈ 27ರಂದು ಮೊಕದ್ದಮೆಯು ಬಿದ್ದುಹೋಯಿತು. ಆಗಸ್ಟಿನಲ್ಲಿ ನ್ಯಾಯಾಲಯವು ಮಂತ್ರಿಗಳ ಅಪ್ಪಣೆಯನ್ನು ತಳ್ಳಿಹಾಕಿತು. ಅಲ್ಲಿಯ ಸರಕಾರವೇ ನೇಮಿಸಿದ ವಿಚಾರಣೆಯು ನಡೆದು, 2010ರಲ್ಲಿ ಪರಿಹಾರವೂ ದೊರೆಯಿತು. ದಾಖಲೆಗಳು ತಾವಾಗಿ ಮಾತನಾಡವು. ಅವುಗಳಿಗೆ ಯಾರೋ ಅರ್ಥವನ್ನು ಕಟ್ಟುತ್ತಾರೆ, ಕಟ್ಟುವವನು ತಪ್ಪಬಹುದು. ಹನೀಫ್ ಅವರ ಭಾಗ್ಯವೇನೆಂದರೆ ಆ ತಪ್ಪು ತೆರೆದ ನ್ಯಾಯಾಲಯದಲ್ಲಿಯೂ ಪತ್ರಿಕೆಗಳಲ್ಲಿಯೂ ಬೆಳಕಿಗೆ ಬಂದದ್ದು.

ನಮ್ಮ ಊರಿನಲ್ಲಿಯೇ 2012ನೆಯ ಆಗಸ್ಟಿನಲ್ಲಿ ಭಯೋತ್ಪಾದನೆಯ ಸಂಚಿನ ಆಪಾದನೆಯ ಮೇಲೆ ಬಂಧಿಸಲ್ಪಟ್ಟ ತರುಣರಲ್ಲಿ ಒಬ್ಬ ಪತ್ರಕರ್ತನಿದ್ದನು. ಆರು ತಿಂಗಳ ಸೆರೆವಾಸದ ತರುವಾಯ, ರಾಷ್ಟ್ರೀಯ ತನಿಖಾ ಸಂಸ್ಥೆಯು ದೋಷಾರೋಪಣೆಯ ಪಟ್ಟಿಯಲ್ಲಿ ಅವನ ಹೆಸರನ್ನೇ ಸೇರಿಸದೆ ಹೋದದ್ದರಿಂದ 2013ನೆಯ ಫೆಬ್ರವರಿಯಲ್ಲಿ ಅವನು ಹೊರಗೆ ಬಂದನು. ಅದೇ ಪ್ರಕರಣದಲ್ಲಿ ಬೇರೆ ಕೆಲವರು ಮುಂದೆ ತಪ್ಪನ್ನು ಒಪ್ಪಿಕೊಂಡು ಶಿಕ್ಷೆಗೊಳಗಾದರೆಂಬುದನ್ನೂ ಹೇಳದೆ ಬಿಡಲಾಗದು. ಒಂದೇ ಬಲೆಯಲ್ಲಿ ತಪ್ಪಿತಸ್ಥನೂ ನಿರಪರಾಧಿಯೂ ಸಿಕ್ಕಿಬೀಳುತ್ತಾರೆ; ಅವರನ್ನು ಬೇರ್ಪಡಿಸುವುದು ಆರು ತಿಂಗಳಲ್ಲಾಗುತ್ತದೆಯೋ ಆರು ದಿನಗಳಲ್ಲಾಗುತ್ತದೆಯೋ ಎಂಬುದು ಹಕ್ಕುಗಳು ಎಷ್ಟು ಜೀವಂತವಾಗಿವೆ ಎಂಬುದರ ಮೇಲೆ ನಿಂತಿದೆ. ತಮ್ಮ ಬೀದಿಗೆ ಮಾತ್ರ ಪೊಲೀಸರು ಬರುವುದೇಕೆಂದು ಕೇಳುವ ನಮ್ಮ ವಿದ್ಯಾರ್ಥಿನಿಗೆ ನಾವು ಸುಳ್ಳು ಸಮಾಧಾನವನ್ನು ಹೇಳುವುದಿಲ್ಲ. ಒಬ್ಬನ ಮೇಲಿನ ಸಂಶಯವನ್ನು ಒಂದು ಬೀದಿಯ ಮೇಲೆ ಹರಡುವುದು ಅಳತೆಯನ್ನು ಮೀರಿದ ಕಾವಲೆಂದೇ ಹೇಳುತ್ತೇವೆ. ಕಾನೂನಿನ ಮುಂದೆ ಎಲ್ಲರೂ ಸಮಾನರೆಂಬ 14ನೆಯ ವಿಧಿಯನ್ನು ತೆಗೆದು ತೋರಿಸುತ್ತೇವೆ.

"ಮುಚ್ಚಿಡುವಂಥದು ನಮ್ಮಲ್ಲೇನಿದೆ?" ಎಂಬ ಪ್ರಶ್ನೆಗೆ ಉತ್ತರವನ್ನು ನಮ್ಮ ಹಿರಿಯ ವಿದ್ಯಾರ್ಥಿನಿಯರೇ ಬಲ್ಲರು. ಹಿಂದಿನ ಕಾಲದ ಬೋರ್ಡಿಂಗುಗಳಲ್ಲಿ ಮನೆಗೆ ಹೋಗುವ ಕಾಗದವನ್ನು ಅಂಟಿಸದೆ ಮೇಟ್ರನ್ ಅಮ್ಮನವರ ಮೇಜಿನ ಮೇಲೆ ಇಡಬೇಕಾಗಿತ್ತು. ಬರುವ ಕಾಗದಗಳು ಒಡೆದೇ ಕೈಗೆ ಬರುತ್ತಿದ್ದವು. ಅಮ್ಮನವರ ಉದ್ದೇಶವು ಒಳ್ಳೆಯದೇ. ಫಲವೇನಾಯಿತು? ಹುಡುಗಿಯರು ತಾಯಿಗೆ, "ಇಲ್ಲಿ ಎಲ್ಲರೂ ಕ್ಷೇಮ, ಊಟ ಚೆನ್ನಾಗಿದೆ" ಎಂದು ಬರೆಯುತ್ತಿದ್ದರು. ಜ್ವರ ಬಂದದ್ದು, ಮನಸ್ಸಿಗೆ ನೋವಾದದ್ದು, ಯಾರೋ ಹೆದರಿಸಿದ್ದು, ಇವು ಕಾಗದದಲ್ಲಿ ಬರುತ್ತಿರಲಿಲ್ಲ. ಅವರು ಮುಚ್ಚಿಟ್ಟದ್ದು ಅಪರಾಧವನ್ನಲ್ಲ, ದುಃಖವನ್ನು. ಓದುವವರು ಇದ್ದಾರೆಂದು ತಿಳಿದ ಮೇಲೆ ಬರೆಯುವ ಕೈಯೇ ಬೇರೆಯಾಗುತ್ತದೆ. ಲಂಚದ ಸಂಗತಿಯನ್ನು ಪತ್ರಿಕೆಗೆ ತಿಳಿಸಬೇಕೆಂದಿರುವ ಗುಮಾಸ್ತನಿಗೂ, ಗಂಡನ ಹೊಡೆತವನ್ನು ವಕೀಲರಿಗೆ ಹೇಳಬೇಕೆಂದಿರುವ ಹೆಂಗಸಿಗೂ ಆಗುವುದು ಇದೇ.

ತಾಯಂದಿರಿಗಾಗಿ ಒಂದೆರಡು ಉಪಯುಕ್ತವಾದ ಮಾತುಗಳು. ಬಂಧಿಸಿದರೆ ಕಾರಣವನ್ನು ತಿಳಿಸತಕ್ಕದ್ದು, ವಕೀಲರನ್ನು ಕಾಣಬಿಡತಕ್ಕದ್ದು, ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಗಳೊಳಗಾಗಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸತಕ್ಕದ್ದು ಎಂದು 22ನೆಯ ವಿಧಿಯು ಹೇಳುತ್ತದೆ. ಮುಂಜಾಗ್ರತೆಯ ಬಂಧನಕ್ಕೆ ಮಾತ್ರ ಬೇರೆ ಕಟ್ಟಳೆಯುಂಟು. 2024ನೆಯ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಸಾಕ್ಷಿಯಾಗಿ ಪ್ರಶ್ನಿಸಬೇಕಾದರೆ ಸ್ತ್ರೀಯರನ್ನೂ 15 ವರ್ಷಕ್ಕೆ ಕಡಿಮೆಯಾದವರನ್ನೂ 60 ವರ್ಷ ದಾಟಿದವರನ್ನೂ ಠಾಣೆಗೆ ಬರಲೇಬೇಕೆಂದು ಒತ್ತಾಯಿಸಕೂಡದು. ಅವರಿರುವಲ್ಲಿಗೇ ಬಂದು ಕೇಳತಕ್ಕದ್ದು. ಅಸಾಧಾರಣ ಸಂದರ್ಭದಲ್ಲಿ ಸ್ತ್ರೀ ಅಧಿಕಾರಿಯು ಮ್ಯಾಜಿಸ್ಟ್ರೇಟರ ಅಪ್ಪಣೆಯನ್ನು ಪಡೆದ ಹೊರತು, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಸ್ತ್ರೀಯರನ್ನು ಬಂಧಿಸಲಾಗದು. ಮನೆಯನ್ನು ಶೋಧಿಸಿ ಫೋನನ್ನೋ ಕಾಗದವನ್ನೋ ಒಯ್ದರೆ ಪಟ್ಟಿಯನ್ನು ಬರೆಯಿಸಿ ಅದರ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿರಿ. ಕೇಳುವುದು ಉದ್ಧಟತನವಲ್ಲ.

ಇನ್ನು ನಮ್ಮ ಶಾಲೆಯ ಸಂಗತಿ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯಿದೆಯ ಪ್ರಕಾರ, ಒಂದೇ ವೇಳೆಗೆ 100 ಜನರಾಗಲಿ ದಿನಕ್ಕೆ 500 ಜನರಾಗಲಿ ಸೇರುವ ಸ್ಥಳಗಳಲ್ಲಿ ಕ್ಯಾಮರಾಗಳನ್ನು ಇಟ್ಟು, ಚಿತ್ರಗಳನ್ನು 30 ದಿನ ಉಳಿಸತಕ್ಕದ್ದು. ಶಾಲೆಗಳೂ ಇದಕ್ಕೆ ಒಳಪಟ್ಟಿವೆ. ಗೇಟು, ಅಂಗಳ, ಮೆಟ್ಟಿಲುಗಳಲ್ಲಿ ನಾವು ಇಟ್ಟಿದ್ದೇವೆ. ಆದರೆ ಕೆಲವು ಪೋಷಕರು ಇನ್ನೂ ಮುಂದೆ ಹೋಗಿ, ತರಗತಿಗಳ ಒಳಗೂ ಹಾಸ್ಟೆಲಿನ ಮಲಗುವ ಕೋಣೆಗಳ ಮುಂದಿನ ಓಣಿಯಲ್ಲಿಯೂ ಕ್ಯಾಮರಾ ಬೇಕೆಂದೂ, ಮನೆಯಲ್ಲಿ ಕುಳಿತು ತಾವು ಅದನ್ನು ನೋಡುವಂತಿರಬೇಕೆಂದೂ ಬರೆದುಕೊಂಡಿದ್ದಾರೆ. ಅವರ ಅಂಜಿಕೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಹೆಣ್ಣುಮಕ್ಕಳನ್ನು ದೂರದಲ್ಲಿಟ್ಟವರ ರಾತ್ರಿಗಳು ನಮಗೂ ಗೊತ್ತು. ಆದರೆ ನ್ಯಾಯಾಲಯವು ಸರಕಾರಕ್ಕೆ ಹೇಳಿದ ಮೂರು ಮಾತುಗಳನ್ನು ಈ ಬೇಡಿಕೆಗೂ ಹಚ್ಚಿ ನೋಡಿದೆವು. ಕಾಯಿದೆಯು ಇಷ್ಟನ್ನು ಕೇಳಿಲ್ಲ. ಉದ್ದೇಶವು ಒಳ್ಳೆಯದು. ಅಳತೆಯು ಮಾತ್ರ ಮೀರಿದೆ: ಒಬ್ಬ ತಂದೆಯು ತನ್ನ ಮಗಳನ್ನು ನೋಡಲು ತೆರೆದ ಪರದೆಯಲ್ಲಿ ಮಿಕ್ಕ ನಲವತ್ತು ಮನೆಯ ಹೆಣ್ಣುಮಕ್ಕಳೂ ಕಾಣುತ್ತಾರೆ.

ಆದಕಾರಣ ಆಡಳಿತ ಮಂಡಲಿಗೆ ನಾವು ಕಳುಹಿಸಿರುವ ಸೂಚನೆಯು ಹೀಗಿದೆ. ಮಲಗುವ ಕೋಣೆ, ಸ್ನಾನದ ಮನೆ, ಅವುಗಳ ಓಣಿ, ತರಗತಿಯ ಒಳಭಾಗ, ಇಲ್ಲಿ ಕ್ಯಾಮರಾ ಕೂಡದು. ಇರುವ ಕ್ಯಾಮರಾಗಳ ಚಿತ್ರವನ್ನು ಇಬ್ಬರು ಒಟ್ಟಿಗೆ ಕುಳಿತಲ್ಲದೆ ನೋಡಕೂಡದು. ಅವರಲ್ಲಿ ಒಬ್ಬರು ಶಾಲೆಯ ಸಂಬಳವನ್ನು ತಿನ್ನದವರಾಗಿರಬೇಕು. ಯಾರು, ಯಾವ ದಿನ, ಯಾವ ಕಾರಣಕ್ಕೆ ನೋಡಿದರೆಂಬುದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಪೊಲೀಸರು ಕೇಳಿದರೆ ಬರಹದಲ್ಲಿ ಕೇಳಲಿ. ಕೊಟ್ಟದ್ದರ ರಸೀದಿಯನ್ನು ಪಡೆಯೋಣ. 30 ದಿನಗಳು ಮುಗಿದ ಮೇಲೆ, ಮೊಕದ್ದಮೆಗೆ ಬೇಕಾದದ್ದನ್ನು ಬಿಟ್ಟು, ಎಲ್ಲವನ್ನೂ ಅಳಿಸಬೇಕು. ಹಾಸ್ಟೆಲಿನ ಭದ್ರತೆಗಾಗಿ ರಾತ್ರಿಯ ಪಾಳಿಗೆ ಇನ್ನೊಬ್ಬ ಆಯಾಳನ್ನು ನೇಮಿಸಬೇಕೆಂದೂ ಕೇಳಿದ್ದೇವೆ. ಕ್ಯಾಮರಾಗಳಿಗಿಂತ ಇದಕ್ಕೆ ಹಣ ಹೆಚ್ಚು ಬೇಕಾಗುವುದೆಂದು ಖಜಾಂಚಿಯವರು ಹೇಳುತ್ತಾರೆ. ಅವರ ಲೆಕ್ಕವು ಸರಿಯೇ.

ಮುಂದಿನ ಪೋಷಕರ ಸಭೆಯಲ್ಲಿ ಈ ವಿಷಯವು ತೀರ್ಮಾನಕ್ಕೆ ಬರುವುದು. ನಮ್ಮ ಸೂಚನೆಯನ್ನು ಒಪ್ಪದವರೂ ತಪ್ಪದೆ ಬಂದು ತಮ್ಮ ಕಾರಣಗಳನ್ನು ಹೇಳಬೇಕೆಂದು ಬೇಡುತ್ತೇವೆ. ಹಾಸ್ಟೆಲಿನ ಹುಡುಗಿಯರಿಂದ ಇಬ್ಬರು ಆ ದಿನ ಸಭೆಗೆ ಬಂದು ಮಾತನಾಡುವರು. ಯಾರು ಬರಬೇಕೆಂಬುದನ್ನು ಅವರು ತಮ್ಮೊಳಗೆ ಚೀಟಿ ಹಾಕಿ ಆರಿಸಿಕೊಂಡಿದ್ದಾರೆ. ಆ ಚೀಟಿಗಳನ್ನು ನಾವು ನೋಡಲಿಲ್ಲ.